ಹೆಣ ಒಂದೇ, ಅಪರಾಧ ಎರಡು

ಕೊಲೆ ಬೇರೆ, ಕೊಲೆಯ ಮಟ್ಟಕ್ಕೆ ಬಾರದ ನರಹತ್ಯೆ ಬೇರೆ ಎಂದು ಕಾನೂನು ಹೇಳುತ್ತದೆ. ಸತ್ತವನಂತೂ ಸತ್ತನು, ಈ ಭೇದವು ಹಣವುಳ್ಳವರು ನುಸುಳಲೆಂದು ಇಟ್ಟ ಹಿತ್ತಿಲ ಬಾಗಿಲಲ್ಲವೇ ಎಂದು ನಮ್ಮ ಹೋಟೆಲು ಬಾಂಧವರು ಕೇಳುವುದುಂಟು.

ಈ ಸಂಶಯಕ್ಕೆ ಆಧಾರವಿಲ್ಲದಿಲ್ಲ. ವೆಸ್ಟ್ ಮಾಂಬಲಂಗೆ ಅನತಿದೂರದ ಕೆ.ಕೆ. ನಗರದಲ್ಲಿ 1981ರಲ್ಲಿ ಶರವಣ ಭವನವನ್ನು ತೆರೆದು, ಅದರ ಹೆಸರನ್ನು ಕಡಲಾಚೆಗೂ ಒಯ್ದ ಪಿ. ರಾಜಗೋಪಾಲರ ಮೊಕದ್ದಮೆಯನ್ನು ನಮ್ಮ ಕಸುಬಿನವರೆಲ್ಲರೂ ಬಲ್ಲರು. ತಮ್ಮ ನೌಕರರೊಬ್ಬರ ಮಗಳನ್ನು ವರಿಸುವ ಹಟದಿಂದ ಆಕೆಯ ಪತಿಯನ್ನು 2001ರಲ್ಲಿ ಅಪಹರಿಸಿ ಕೊಲ್ಲಿಸಿದರೆಂಬುದು ಅವರ ಮೇಲಿನ ಆರೋಪ. 2004ರಲ್ಲಿ ವಿಚಾರಣಾ ನ್ಯಾಯಾಲಯವು ಇದನ್ನು ಕೊಲೆಯಲ್ಲದ ನರಹತ್ಯೆಯೆಂದು ಗಣಿಸಿ 10 ವರ್ಷಗಳ ಕಠಿಣ ಸಜೆ ವಿಧಿಸಿತು. 2009ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಕೊಲೆಯೆಂದೇ ನಿರ್ಣಯಿಸಿ ಜೀವಾವಧಿ ಶಿಕ್ಷೆಗೇರಿಸಿತು. 2019ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಜುಲೈಯಲ್ಲಿ ಶರಣಾದ ಅವರು ಕೆಲವೇ ದಿನಗಳಲ್ಲಿ ತೀರಿಕೊಂಡರು.

ಹಾಗೆಂದು ಈ ಭೇದವನ್ನೇ ಅಳಿಸಬೇಕೆ? ಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯ. ನಸುಕಿನಿಂದ ರಾತ್ರಿಯವರೆಗೆ ಒಲೆಯೆದುರು ಬೇಯುವ ಇಬ್ಬರು ಹುಡುಗರು ಕ್ಷುಲ್ಲಕ ಮಾತಿಗೆ ಕೈಕೈ ಮಿಲಾಯಿಸುವರು. ಸಂಚಿಲ್ಲ, ಹಗೆಯಿಲ್ಲ; ಆ ಕ್ಷಣದ ಆವೇಶದಲ್ಲಿ ಬಿದ್ದ ಏಟಿಗೆ ಒಬ್ಬನು ಸಾಯುವನು. ಇವನನ್ನೂ, ದಿನಗಟ್ಟಲೆ ಸಂಚು ಹೂಡಿ ಆಳುಗಳನ್ನು ಕಳುಹಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆನಿಸದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಹಳೆಯ ದಂಡಸಂಹಿತೆಯ ಈ ಭೇದವನ್ನು ಉಳಿಸಿಕೊಂಡಿದೆ. ಕೊಲೆಗೆ 103ನೆಯ ಕಲಮಿನನ್ವಯ ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆ. ನರಹತ್ಯೆಗೆ 105ನೆಯ ಕಲಮು: ಉದ್ದೇಶವಿದ್ದರೆ ಜೀವಾವಧಿ ಅಥವಾ 5ರಿಂದ 10 ವರ್ಷ, ಸಾವು ಸಂಭವಿಸಬಹುದೆಂಬ ಅರಿವು ಮಾತ್ರವಿದ್ದರೆ ಗರಿಷ್ಠ 10 ವರ್ಷ.

ಆದರೆ "ಕೊಲ್ಲುವ ಇಚ್ಛೆ ನನಗಿರಲಿಲ್ಲ" ಎಂದ ಮಾತ್ರಕ್ಕೆ ಪಾರಾದೆನೆಂದು ಯಾರೂ ಭ್ರಮಿಸಲಾಗದು. ವಿರ್ಸಾ ಸಿಂಗನು ಭರ್ಜಿಯಿಂದ ಹೊಟ್ಟೆಗೆ ಇರಿದದ್ದು ಒಂದೇ ಸಲ. ಬೇಕೆಂದೇ ಮಾಡಿದ ಗಾಯವು ಸಹಜಗತಿಯಲ್ಲಿ ಸಾವಿಗೆ ಸಾಕಾಗುವಂತಹದಾದರೆ ಅದು ಕೊಲೆಯೇ ಎಂದು 1958ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಜಗಳ ಹಠಾತ್ತಾದುದಾದರೂ, ಎದುರಾಳಿಯ ಅಸಹಾಯತೆಯನ್ನು ಬಳಸಿಕೊಂಡು ಕ್ರೂರವಾಗಿ ವರ್ತಿಸಿದವನಿಗೆ ವಿನಾಯಿತಿಯಿಲ್ಲ.

ಇಷ್ಟು ಸೂಕ್ಷ್ಮವಾದ ಭೇದವನ್ನು ನ್ಯಾಯಾಧೀಶರ ಮುಂದೆ ಬಿಡಿಸಿ ಹೇಳಲು ಸಮರ್ಥ ವಕೀಲರು ಬೇಕು. ಧನಿಕನಿಗೆ ಅವರು ದೊರೆಯುವರು. ಊರು ಬಿಟ್ಟು ಬಂದ, ತಮಿಳೂ ಸರಿಯಾಗಿ ಬಾರದ ಮಾಣಿಗೆ ಯಾರು? ನಿಜವಾದ ಅನ್ಯಾಯವಿರುವುದು ಕಾನೂನಿನ ಭೇದದಲ್ಲಲ್ಲ, ಇಲ್ಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದನ್ವಯ ಬಂಧನದಲ್ಲಿರುವ ಪ್ರತಿಯೊಬ್ಬನಿಗೂ ಉಚಿತ ವಕೀಲರನ್ನು ಪಡೆಯುವ ಹಕ್ಕುಂಟು. ಅದು ದಾನವಲ್ಲ. ಇಂತಹ ಆಪತ್ತಿನಲ್ಲಿ ಮಾಲೀಕರು ಹುಡುಗನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿ ಕೈತೊಳೆದುಕೊಳ್ಳದೆ, ಅವನ ಪರವಾಗಿ ಪ್ರಾಧಿಕಾರಕ್ಕೊಂದು ಅರ್ಜಿ ಬರೆಯಲಿ. ಅಕ್ಷರ ಬಲ್ಲ ಗುಮಾಸ್ತರು ಅದಕ್ಕೆ ನೆರವಾಗಲಿ. ಬಡವನ ಪಕ್ಷವನ್ನು ಮಂಡಿಸುವವರಿದ್ದಾಗ ಮಾತ್ರ ಈ ಭೇದವು ಬಡವನಿಗೂ ನ್ಯಾಯವಾದೀತು.