ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ: ಜಾಗ ಗೊತ್ತುಮಾಡುವ ಮೊದಲೇ ಊರನ್ನು ಕೇಳಬೇಕೆ?

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಮೊದಲ ವಿಮಾನ ಹಾರಿದ್ದು 2008ರ ಮೇ 24ರಂದು. 2019ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಎರಡನೇ ರನ್‌ವೇ ಬಂತು. 2022ರ ನವೆಂಬರ್‌ನಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆಯಾಯಿತು. ಈಗ ವರ್ಷಕ್ಕೆ ಓಡಾಡುವ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿದೆ. ಮೈಸೂರು, ಹಾಸನ ಬಿಟ್ಟರೆ 150 ಕಿಲೋಮೀಟರ್ ವ್ಯಾಪ್ತಿಯಲ್ಲಿ 25 ವರ್ಷ ಇನ್ನೊಂದು ದೊಡ್ಡ ನಿಲ್ದಾಣ ಬರಬಾರದೆಂಬ ಒಪ್ಪಂದದ ಷರತ್ತು 2033ಕ್ಕೆ ಮುಗಿಯುತ್ತದೆ. ಅದಕ್ಕೆ ಸಿದ್ಧವಾಗಲು ರಾಜ್ಯ ಸರ್ಕಾರ ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ-ಕುಣಿಗಲ್ ರಸ್ತೆಯಲ್ಲಿ ಒಂದು ಜಾಗ ಗುರುತಿಸಿತು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಮೂರನ್ನೂ ನೋಡಿತು.

ನಿಲ್ದಾಣ ಬೇಕೇ ಬೇಡವೇ ಎಂಬುದು ಇಲ್ಲಿನ ಚರ್ಚೆಯಲ್ಲ. ಮೂರರಲ್ಲಿ ಒಂದನ್ನು ಆರಿಸುವ ಮೊದಲೇ ಆ ಮೂರೂ ಕಡೆಯ ಜನರ ಮುಂದೆ ಕಾಗದಪತ್ರ ಇಟ್ಟು ಅಭಿಪ್ರಾಯ ಕೇಳಬೇಕೇ? ಅಥವಾ ತಜ್ಞರು ಜಾಗ ಗೊತ್ತುಮಾಡಿದ ಮೇಲೆ ಕೇಳಿದರೆ ಸಾಕೇ? ಎರಡೂ ಕಡೆಯ ವಾದವನ್ನು ಅದರದರ ಪೂರ್ಣ ಬಲದೊಂದಿಗೆ ಇಲ್ಲಿ ಇಟ್ಟಿದ್ದೇವೆ.

ಪರ: ಮೊದಲು ಕೇಳಿ, ಆಮೇಲೆ ಗೆರೆ ಎಳೆಯಿರಿ

ನಮ್ಮ ಕಾನೂನು ಜನರ ಮಾತು ಕೇಳುವುದಿಲ್ಲ ಎಂದಲ್ಲ. ಕೇಳುತ್ತದೆ, ಆದರೆ ಎಲ್ಲ ಮುಗಿದ ಮೇಲೆ ಕೇಳುತ್ತದೆ. 2008ರ ಗ್ರೀನ್‌ಫೀಲ್ಡ್ ವಿಮಾನ ನಿಲ್ದಾಣ ನೀತಿಯಂತೆ ಮೊದಲು ಕೇಂದ್ರದಿಂದ ಸ್ಥಳಕ್ಕೆ ಅನುಮತಿ ಪಡೆಯಬೇಕು, ನಂತರ ತಾತ್ವಿಕ ಒಪ್ಪಿಗೆ. ಊರಿನವರ ಸರದಿ ಬರುವುದು ಅದಾದ ಮೇಲೆ, 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ನಡೆಯುವ ಸಾರ್ವಜನಿಕ ಅಹವಾಲು ಸಭೆಯಲ್ಲಿ. ಅಷ್ಟರಲ್ಲಿ ಜಾಗ ಗೊತ್ತಾಗಿರುತ್ತದೆ, ಕರಡು ವರದಿ ಅಚ್ಚಾಗಿರುತ್ತದೆ. ಆ ವರದಿಯಲ್ಲೂ ಕನ್ನಡದಲ್ಲಿ ಕೊಡಲೇಬೇಕಾದದ್ದು ಸಾರಾಂಶ ಮಾತ್ರ. ಲಗ್ನಪತ್ರಿಕೆ ಹಂಚಿ, ಚಪ್ಪರ ಹಾಕಿದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ ಇದು. ಅಲ್ಲಿ 'ಬೇಡ' ಎಂಬ ಉತ್ತರಕ್ಕೆ ಅವಕಾಶವೇ ಇರುವುದಿಲ್ಲ.

ಭೂಮಿಯ ವಿಷಯದಲ್ಲಿ ಸ್ಥಿತಿ ಇನ್ನೂ ಕಷ್ಟ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ ಬೇಕೆನ್ನುತ್ತದೆ, ಸರ್ಕಾರ-ಖಾಸಗಿ ಸಹಭಾಗಿತ್ವದ ಯೋಜನೆಗಳಿಗೆ ಭೂಮಿ ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇ 70ರಷ್ಟು ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಕರ್ನಾಟಕದಲ್ಲಿ ದೊಡ್ಡ ಯೋಜನೆಗಳ ಭೂಮಿ ಹೆಚ್ಚಾಗಿ ಬರುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಕಾಯ್ದೆಯ ದಾರಿಯಲ್ಲಿ. ಅಲ್ಲಿ 28(1)ರ ಪ್ರಾಥಮಿಕ ಅಧಿಸೂಚನೆ, ನೋಟಿಸು, ಆಕ್ಷೇಪಣೆಯ ವಿಚಾರಣೆ, ಕೊನೆಗೆ 28(4)ರ ಅಂತಿಮ ಅಧಿಸೂಚನೆ. ಸಾಮಾಜಿಕ ಪರಿಣಾಮದ ಅಧ್ಯಯನ ಎಂಬ ಘಟ್ಟವೇ ಇಲ್ಲ. ಪಹಣಿಯಲ್ಲಿ ಹೆಸರಿರುವವನಿಗೆ ನೋಟಿಸು ಬಂದೀತು. ಬಗರ್‌ಹುಕುಂ ಅರ್ಜಿ ಹಾಕಿ ಕಾದು ಕುಳಿತವನಿಗೆ, ಗೋಮಾಳದಲ್ಲಿ ಕುರಿ ಮೇಯಿಸುವವನಿಗೆ, ವಾರಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಕೂಲಿ ಪಡೆಯುವವಳಿಗೆ ಯಾವ ನೋಟಿಸು ಬರುತ್ತದೆ?

ಊರಿಗೆ ಗೊತ್ತಿರುವುದು ನಕ್ಷೆಗೆ ಗೊತ್ತಿರುವುದಿಲ್ಲ ಎಂಬುದು ಎರಡನೇ ಕಾರಣ. ಕಂದಾಯ ದಾಖಲೆಯಲ್ಲಿ 'ಖರಾಬು' ಎಂದು ಬರೆದ ಜಾಗ ಮಳೆಗಾಲದಲ್ಲಿ ಒಂದು ಕೆರೆಯ ಕೋಡಿ ನೀರು ಇನ್ನೊಂದು ಕೆರೆಗೆ ಇಳಿಯುವ ದಾರಿಯಾಗಿರಬಹುದು. ಕನಕಪುರ ರಸ್ತೆಯ ಕಡೆ ಬನ್ನೇರುಘಟ್ಟದ ಕಾಡಿದೆ, ಆನೆಗಳ ಓಡಾಟವಿದೆ. ಆನೆ ಯಾವ ತಿಂಗಳು ಯಾವ ತೋಪಿಗೆ ಇಳಿಯುತ್ತದೆ ಎಂದು ಅಲ್ಲಿನ ರೈತ ಹೇಳಬಲ್ಲ. ಇದನ್ನು ಮೊದಲೇ ಕೇಳಿದರೆ ಜಾಗವನ್ನೇ ಬದಲಾಯಿಸಬಹುದು. ತಡವಾಗಿ ಕೇಳಿದರೆ ಪರಿಹಾರದ ಮೊತ್ತವನ್ನು ಬದಲಾಯಿಸಬಹುದು, ಅಷ್ಟೇ.

ತಡವಾಗಿ ಕೇಳಿದ್ದರ ಬೆಲೆ ಏನೆಂದು ಪಕ್ಕದ ಗೋವಾ ತೋರಿಸಿದೆ. ಮೋಪಾ ವಿಮಾನ ನಿಲ್ದಾಣದ ಪರಿಸರ ಅನುಮತಿಯನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅಮಾನತಿನಲ್ಲಿಟ್ಟಿತು. ಸುತ್ತಲಿನ ಕಾಡಿನ ಮಾಹಿತಿಯನ್ನು ಅರ್ಜಿಯಲ್ಲಿ ಮುಚ್ಚಿಟ್ಟದ್ದು, ಜನರು ಎತ್ತಿದ ಆಕ್ಷೇಪಗಳನ್ನು ತಜ್ಞರ ಸಮಿತಿ ಸರಿಯಾಗಿ ತೂಗದೆ ಇದ್ದದ್ದು ನ್ಯಾಯಾಲಯದ ಕಣ್ಣಿಗೆ ಬಿತ್ತು. ಹೊಸ ಷರತ್ತುಗಳೊಂದಿಗೆ ತಡೆ ತೆರವಾದದ್ದು 2020ರ ಜನವರಿಯಲ್ಲಿ. ಆ ತಿಂಗಳುಗಳನ್ನು ಕಳೆದದ್ದು ಕೇಳಿದ ಜನರಲ್ಲ, ಕೇಳಿಸಿಕೊಳ್ಳದ ವ್ಯವಸ್ಥೆ.

ಜಪಾನಿನ ನರಿತಾದ ಕಥೆ ಇನ್ನೂ ಕಠೋರ. 1966ರಲ್ಲಿ ಅಲ್ಲಿನ ಸಂಪುಟ ಸನ್ರಿಜುಕಾದ ರೈತರನ್ನು ಕೇಳದೆಯೇ ಜಾಗ ನಿರ್ಧರಿಸಿತು. ಘರ್ಷಣೆಯಲ್ಲಿ ಪೊಲೀಸರೂ ಹೋರಾಟಗಾರರೂ ಪ್ರಾಣ ಕಳೆದುಕೊಂಡರು. ನಿಲ್ದಾಣ ತೆರೆದದ್ದು 1978ರಲ್ಲಿ, ಒಂದೇ ರನ್‌ವೇಯೊಂದಿಗೆ. ಎರಡನೆಯದು, ಅದೂ ಮೊಟಕಾಗಿ, ಬಂದದ್ದು 2002ರಲ್ಲಿ. 1995ರಲ್ಲಿ ಪ್ರಧಾನಿಯೇ ಕ್ಷಮೆ ಕೇಳಬೇಕಾಯಿತು.

ಇದಕ್ಕೆ ಎದುರಾಗಿ ಫ್ರಾಂಕ್‌ಫರ್ಟ್ ಇದೆ. ಅಲ್ಲಿ 1998ರಿಂದ 2000ದವರೆಗೆ, ವಿಸ್ತರಣೆಯ ಅರ್ಜಿಗೂ ಮೊದಲೇ ಮಧ್ಯಸ್ಥಿಕೆಯ ಮಾತುಕತೆ ನಡೆಯಿತು. ರಾತ್ರಿ ವಿಮಾನ ಹಾರಾಟಕ್ಕೆ ತಡೆ ಬೇಕೆಂಬ ಶಿಫಾರಸು ಆ ಮೇಜಿನಿಂದಲೇ ಬಂತು, 2012ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹೊಸ ರನ್‌ವೇ ಮಾತ್ರ 2011ರಲ್ಲೇ ತೆರೆದಿತ್ತು. ಮೊದಲೇ ಕೇಳಿದರೆ ನಿಲ್ದಾಣ ನಿಂತುಹೋಗುತ್ತದೆ ಎಂಬ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ವಿರೋಧ: ಜಾಗ ತಜ್ಞರು ಆರಿಸಲಿ, ಲೆಕ್ಕ ಊರು ಕೇಳಲಿ

ವಿಮಾನ ನಿಲ್ದಾಣದ ಜಾಗ ಬಹುಮತದಿಂದ ತೀರ್ಮಾನವಾಗುವ ವಿಷಯವಲ್ಲ. ವರ್ಷದ ಬಹುಪಾಲು ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಇಳಿಯುವ ದಾರಿಯಲ್ಲಿ ಗುಡ್ಡವೆಷ್ಟು ಎತ್ತರ, ಯಲಹಂಕದ ವಾಯುನೆಲೆ, ಎಚ್‌ಎಎಲ್ ಮತ್ತು ದೇವನಹಳ್ಳಿಯ ಹಾರಾಟದ ದಾರಿಗಳ ನಡುವೆ ಆಕಾಶದಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದರ ಮೇಲೆ ಅದು ನಿಂತಿದೆ. ಈ ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಮೂರು ಕಡೆ ಸಭೆ ಕರೆದರೆ ಮೂರೂ ಕಡೆ ಬರುವ ಉತ್ತರ ಒಂದೇ: 'ನಮ್ಮಲ್ಲಿ ಬೇಡ, ಅವರಲ್ಲಿ ಮಾಡಿ.' ತಾಂತ್ರಿಕವಾಗಿ ಬಿದ್ದುಹೋಗಲಿರುವ ಎರಡು ಜಾಗಗಳ ಸಾವಿರಾರು ಕುಟುಂಬಗಳನ್ನೂ ವರ್ಷಗಟ್ಟಲೆ ಆತಂಕದಲ್ಲಿಡುವುದು ಯಾವ ನ್ಯಾಯ? ಹಾಗೆ ತೂಗುಯ್ಯಾಲೆಯಲ್ಲಿರುವ ಹೊಲಕ್ಕೆ ಯಾರು ಬೋರ್‌ವೆಲ್ ಕೊರೆಸುತ್ತಾರೆ, ಯಾರು ತೆಂಗಿನ ಸಸಿ ನೆಡುತ್ತಾರೆ?

ಎರಡನೆಯದು ಭೂಮಿಯ ವ್ಯಾಪಾರ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಹೋದ ಮೇಲೆ ಕೃಷಿಕನಲ್ಲದವನೂ ಕೃಷಿ ಭೂಮಿ ಕೊಳ್ಳಬಹುದು. ನಿಲ್ದಾಣದ ಸುದ್ದಿ ಬಂದ ಕೂಡಲೇ ದಲ್ಲಾಳಿ ಅಡ್ವಾನ್ಸ್ ಹಿಡಿದು ಊರಿಗೆ ಬರುತ್ತಾನೆ. ಸಾಲದಲ್ಲಿರುವ ರೈತ ಅಂದಿನ ಬೆಲೆಗೆ ಮಾರುತ್ತಾನೆ, ಸ್ವಾಧೀನದ ಹೊತ್ತಿಗೆ ಪರಿಹಾರ ಪಡೆಯುವವನು ಬೇರೆಯವನಾಗಿರುತ್ತಾನೆ. ಸಮಾಲೋಚನೆ ಎಷ್ಟು ಉದ್ದವಾಗುತ್ತದೋ ಈ ವ್ಯಾಪಾರದ ಕಾಲವೂ ಅಷ್ಟೇ ಉದ್ದವಾಗುತ್ತದೆ. ಜಾಗವನ್ನು ಬೇಗ ನಿರ್ಧರಿಸಿ, ಬೇಗ ಅಧಿಸೂಚನೆ ಹೊರಡಿಸುವುದೇ ಬಡ ರೈತನಿಗೆ ಸಿಗುವ ದೊಡ್ಡ ರಕ್ಷಣೆ.

ಮೊದಲೇ ಕೇಳಿದರೆ ಸುಸೂತ್ರ ಎನ್ನುವವರು ಲಂಡನ್ ಕಡೆ ನೋಡಬೇಕು. 1968ರಲ್ಲಿ ನೇಮಕವಾದ ರೋಸ್ಕಿಲ್ ಆಯೋಗ ಲಂಡನ್ನಿನ ಮೂರನೇ ನಿಲ್ದಾಣಕ್ಕೆ ನಾಲ್ಕು ಜಾಗಗಳ ಪಟ್ಟಿಯನ್ನು ಬಹಿರಂಗಪಡಿಸಿ, ಸ್ಥಳೀಯ ವಿಚಾರಣೆ ನಡೆಸಿ, ಕಬ್ಲಿಂಗ್ಟನ್ ಎಂಬ ಊರನ್ನು ಸೂಚಿಸಿತು. ಅಲ್ಲಿ ಪ್ರತಿಭಟನೆ ಎದ್ದಿತು. 1971ರಲ್ಲಿ ಸರ್ಕಾರ ಶಿಫಾರಸು ಬಿಟ್ಟು ಸಮುದ್ರದಂಚಿನ ಇನ್ನೊಂದು ಜಾಗ ಆರಿಸಿತು, 1974ರಲ್ಲಿ ಅದನ್ನೂ ಕೈಬಿಟ್ಟಿತು. ಹೀಥ್ರೂ ಮೂರನೇ ರನ್‌ವೇಗೆ 2018ರಲ್ಲಿ ಸಂಸತ್ತು ಒಪ್ಪಿತು, 2020ರ ಫೆಬ್ರುವರಿಯಲ್ಲಿ ಒಂದು ನ್ಯಾಯಾಲಯ ತಡೆಯಿತು, ಡಿಸೆಂಬರ್‌ನಲ್ಲಿ ಅದಕ್ಕಿಂತ ಮೇಲಿನ ನ್ಯಾಯಾಲಯ ತಡೆ ತೆಗೆಯಿತು. ರನ್‌ವೇ ಮಾತ್ರ ಬಂದಿಲ್ಲ. ನಮ್ಮ ದೇವನಹಳ್ಳಿಗೇ 1991ರ ಸಮಿತಿಯ ಸಲಹೆಯಿಂದ 2008ರ ಹಾರಾಟದವರೆಗೆ 17 ವರ್ಷ ಹಿಡಿಯಿತು. 2033 ಎಂದರೆ ದೂರವೇನಲ್ಲ.

ಸಭೆಗೆ ಬರುವವರು ಯಾರು ಎಂಬುದನ್ನೂ ಕೇಳಬೇಕು. ಭೂಮಿ ಕಳೆದುಕೊಳ್ಳುವವರು ಬರುತ್ತಾರೆ, ಅದು ಸಹಜ, ಅದು ಅವರ ಹಕ್ಕು. ಆದರೆ ನಿಲ್ದಾಣದಲ್ಲಿ ಮುಂದೆ ಕೆಲಸ ಸಿಗಲಿರುವ ತುಮಕೂರಿನ ಡಿಪ್ಲೊಮಾ ಹುಡುಗ ಬರುವುದಿಲ್ಲ, ಮಂಡ್ಯ ರಾಮನಗರಗಳ ಕಡೆಯಿಂದ ಇಡೀ ಬೆಂಗಳೂರನ್ನು ದಾಟಿ ದೇವನಹಳ್ಳಿಗೆ ಹೋಗಬೇಕಾದ ಪ್ರಯಾಣಿಕ ಬರುವುದಿಲ್ಲ. ಇವರೂ ಸಾರ್ವಜನಿಕರೇ. ಇವರ ಪರವಾಗಿ ಯೋಚಿಸಲೆಂದೇ ಚುನಾಯಿತ ಸರ್ಕಾರವಿದೆ.

ಜಾಗ ಗೊತ್ತಾದ ಮೇಲೆ ಜನರ ಮಾತಿಗೆ ಬೆಲೆಯಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು ಕೆಐಎಡಿಬಿ ಗುರುತಿಸಿದ್ದ 1,777 ಎಕರೆಯ ಸ್ವಾಧೀನವನ್ನು ರೈತರ ಹೋರಾಟಕ್ಕೆ ಮಣಿದು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಅಧಿಸೂಚನೆಯ ನಂತರವೂ ಬಾಗಿಲು ತೆರೆದಿರುತ್ತದೆ. ಬೇಕಿರುವುದು ಆ ಹಂತದ ವಿಚಾರಣೆ ಪ್ರಾಮಾಣಿಕವಾಗಿ ನಡೆಯುವುದು, ಪರಿಹಾರ ಬೇಗ ಕೈಸೇರುವುದು, ಪುನರ್ವಸತಿ ಕಾಗದದಿಂದ ನೆಲಕ್ಕೆ ಇಳಿಯುವುದು.

ನಮ್ಮ ನಿಲುವು

ವಿರೋಧದ ವಾದದಲ್ಲಿ ಎರಡು ಮಾತು ಗಟ್ಟಿ. ಗಾಳಿ, ಗುಡ್ಡ, ಆಕಾಶದ ದಾರಿಯ ಪ್ರಶ್ನೆಗೆ ತಜ್ಞರೇ ಉತ್ತರಿಸಬೇಕು. ಕೊನೆಯಿಲ್ಲದ ಸಮಾಲೋಚನೆ ಊರಿಗೂ ಒಳ್ಳೆಯದಲ್ಲ. ಲಂಡನ್ನಿನಿಂದ ಕಲಿಯಬೇಕಾದದ್ದು ಕೇಳಬಾರದು ಎಂದಲ್ಲ. ಕೇಳುವುದಕ್ಕೆ ಗಡುವಿರಬೇಕು, ಕೇಳಿ ಮಾಡಿದ ತೀರ್ಮಾನಕ್ಕೆ ಸರ್ಕಾರ ಬದ್ಧವಾಗಿರಬೇಕು ಎಂಬುದು.

ಆದರೆ ಅವರ ಅತಿ ದೊಡ್ಡ ವಾದ, ಭೂ ವ್ಯಾಪಾರದ ಭಯ, ಬೆಂಗಳೂರಿನ ಮಟ್ಟಿಗೆ ಆಗಲೇ ಬಿದ್ದುಹೋಗಿದೆ. ಮೂರೂ ಜಾಗಗಳ ಹೆಸರು ಪತ್ರಿಕೆಗಳಲ್ಲಿ ಬಂದಾಗಿದೆ. ದಲ್ಲಾಳಿಗೆ ಗೊತ್ತಿರುವುದು ಈಗ ಗುಟ್ಟಲ್ಲ. ರೈತನ ಕೈಯಲ್ಲಿ ಇಲ್ಲದಿರುವುದು ಸರ್ವೆ ನಂಬರು, ಗಡಿ, ತಜ್ಞರ ವರದಿ. ಗೌಪ್ಯ ಎಂಬುದು ಅವನೊಬ್ಬನಿಗೆ ಮಾತ್ರ ಉಳಿದಿದ್ದರೆ ಅದು ಅವನ ರಕ್ಷಣೆಯಾಗುವುದು ಹೇಗೆ? ಚನ್ನರಾಯಪಟ್ಟಣದ ಗೆಲುವೂ ನಿಜ. ಆದರೆ ಅದಕ್ಕಾಗಿ 13 ಹಳ್ಳಿಗಳ ಜನ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತು. ಮೊದಲೇ ಕೇಳಿದ್ದರೆ ಆ ವರ್ಷಗಳು ಹೊಲದಲ್ಲಿ ಕಳೆಯುತ್ತಿದ್ದವು.

ಆದ್ದರಿಂದ ನಮ್ಮ ಮತ 'ಪರ'ಕ್ಕೆ. ತಜ್ಞರ ವರದಿ ಕೈಸೇರಿದ ಕೂಡಲೇ ಅದು ಪೂರ್ತಿಯಾಗಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗಳಿಗೆ ಬರಲಿ. ತಾಂತ್ರಿಕವಾಗಿ ಬಿದ್ದುಹೋದ ಜಾಗವನ್ನು ಅಂದೇ ಪಟ್ಟಿಯಿಂದ ತೆಗೆದು ಅಲ್ಲಿನವರ ಆತಂಕ ಕಳೆಯಲಿ. ಉಳಿದ ಕಡೆ ಭೂ ಪರಿವರ್ತನೆಗೆ ತಡೆ ಹಾಕಿ, ಆರು ತಿಂಗಳ ಗಡುವಿನೊಳಗೆ ಗ್ರಾಮಸಭೆಗಳು ನಡೆಯಲಿ. ಭೂಮಿ ಇಲ್ಲದವರ ಹೆಸರೂ ಆ ಸಭೆಯ ಪುಸ್ತಕದಲ್ಲಿ ದಾಖಲಾಗಲಿ. ಎದ್ದ ಪ್ರತಿ ಆಕ್ಷೇಪಕ್ಕೆ ಸರ್ಕಾರ ಲಿಖಿತ ಉತ್ತರ ಕೊಟ್ಟ ಮೇಲೆಯೇ ಜಾಗದ ಆದೇಶ ಹೊರಬೀಳಲಿ.

ಕನಕಪುರ, ನೆಲಮಂಗಲ, ಕುಣಿಗಲ್ ಕಡೆಯ ಓದುಗರಲ್ಲಿ ಒಂದು ವಿನಂತಿ. ಸರ್ಕಾರ ಕರೆಯುವವರೆಗೆ ಕಾಯಬೇಡಿ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲೇ ತಜ್ಞರ ವರದಿಯನ್ನು ಲಿಖಿತವಾಗಿ ಕೇಳಿ, ನಿರ್ಣಯ ಬರೆಸಿ, ಅದರ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.