ಆರು ರಾತ್ರಿಗೆ ಮೂರೇ ಗಂಟೆ!

ಗಡಿಯಾರ ನೋಡಿ ವೇಳೆ ಹೇಳುವುದನ್ನು ಮಕ್ಕಳು ಚಿಕ್ಕ ತರಗತಿಯಲ್ಲೇ ಕಲಿಯುತ್ತಾರೆ. ವೇಳೆಯನ್ನು ಕೂಡಿ ಕಳೆಯುವಾಗ ಮಾತ್ರ ದೊಡ್ಡವರೂ ಎಡವುವುದುಂಟು. ಬೆಳಿಗ್ಗೆ 10:40ಕ್ಕೆ ಆರಂಭವಾದ ಪರೀಕ್ಷೆ 12:15ಕ್ಕೆ ಮುಗಿದರೆ ಹಿಡಿದ ಸಮಯವೆಷ್ಟು? 12.15ರಲ್ಲಿ 10.40 ಕಳೆದು 1.75 ಎಂದು ಬರೆಯುವವರಿದ್ದಾರೆ. ಒಂದು ಗಂಟೆಯನ್ನು ಎರವಲು ತಂದರೆ ಸಿಗುವುದು 100 ಅಲ್ಲ, 60 ನಿಮಿಷ ಎಂಬುದು ನೆನಪಿದ್ದವರಿಗೆ ಮಾತ್ರ 1 ಗಂಟೆ 35 ನಿಮಿಷವೆಂಬ ಸರಿಯುತ್ತರ ಬರುತ್ತದೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ಈ ತಪ್ಪು ಮಾಡುವುದಿಲ್ಲ. ಆದರೆ ಅದರ ಲೆಕ್ಕದ ರೀತಿ ತಿಳಿಯದಿದ್ದರೆ ಅದೂ ದಾರಿ ತಪ್ಪಿಸಬಲ್ಲದು.

ಒಂದು ಉದಾಹರಣೆ ನೋಡಬಹುದು. ಪಿಯುಸಿ ಓದುವ ಹುಡುಗಿಯೊಬ್ಬಳ ತಂದೆ ರಾತ್ರಿ ಪಾಳಿಯ ಕಾವಲುಗಾರ. ರಾತ್ರಿ 10ಕ್ಕೆ ಹೋದರೆ ಬೆಳಿಗ್ಗೆ 6:30ಕ್ಕೆ ಬಿಡುಗಡೆ. ಗಂಟೆಗೆ 60 ರೂಪಾಯಿ ಕೂಲಿ. ವಾರಕ್ಕೆ ಆರು ರಾತ್ರಿ ದುಡಿದರೆ ಗುತ್ತಿಗೆದಾರನ ಗುಮಾಸ್ತ ಕೊಟ್ಟದ್ದು 2,880 ರೂಪಾಯಿ. ಎಲ್ಲೋ ಕಡಿಮೆಯಾಗಿದೆ ಎಂದು ತಂದೆಗೆ ಅನುಮಾನ. ‘ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕ್ತೀನಿ ಇರಪ್ಪ’ ಎಂದು ಮಗಳು ಎಕ್ಸೆಲ್ ತೆರೆದಳು.

ಎ2 ಸೆಲ್‌ನಲ್ಲಿ 22:00, ಬಿ2ರಲ್ಲಿ 6:30 ಎಂದು ತುಂಬಿದಳು. ಸಿ2ರಲ್ಲಿ =ಬಿ2-ಎ2 ಎಂಬ ಸೂತ್ರ ಬರೆದಳು. ಉತ್ತರದ ಬದಲು ಸೆಲ್ ತುಂಬ ###### ಎಂಬ ಬೇಲಿಯಂಥ ಗುರುತು ಬಂತು! ಇದೇಕೆ?

ಸ್ಪ್ರೆಡ್‌ಶೀಟಿಗೆ ಗಂಟೆ, ನಿಮಿಷ ಯಾವುದೂ ಮೂಲಮಾನವಲ್ಲ. ಅದಕ್ಕೆ ಗೊತ್ತಿರುವುದು ದಿನ ಒಂದೇ. ಎಕ್ಸೆಲ್‌ನಲ್ಲಿ 1900ರ ಜನವರಿ 1 ಎಂದರೆ 1ನೆಯ ದಿನ. ಅಲ್ಲಿಂದ ಎಣಿಸುತ್ತ ಬಂದರೆ 1947ರ ಆಗಸ್ಟ್ 15ರ ಸಂಖ್ಯೆ 17,394. 1950ರ ಜನವರಿ 26ರ ಸಂಖ್ಯೆ 18,289. ಒಂದರಿಂದ ಇನ್ನೊಂದನ್ನು ಕಳೆದರೆ 895. ಸ್ವಾತಂತ್ರ್ಯ ಬಂದ ಎಷ್ಟು ದಿನಕ್ಕೆ ದೇಶ ಗಣರಾಜ್ಯವಾಯಿತು ಎಂಬುದಕ್ಕೆ ಅದೇ ಉತ್ತರ. ತಿಂಗಳಿಗೆ 30 ದಿನವೋ 31 ದಿನವೋ, ನಡುವೆ ಅಧಿಕ ವರ್ಷ ಬಂತೋ ಇಲ್ಲವೋ ಎಂದು ಬೆರಳು ಮಡಿಸಬೇಕಾಗಿಲ್ಲ. ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಕಲಿಯುಗದ ಮೊದಲ ದಿನದಿಂದ ಬರುವ ದಿನಗಳ ಎಣಿಕೆಗೆ ‘ಅಹರ್ಗಣ’ವೆಂದು ಹೆಸರು. ಉಪಾಯ ಅದೇ, ಆರಂಭದ ದಿನ ಮಾತ್ರ ಬೇರೆ.

ದಿನದೊಳಗಿನ ವೇಳೆಯೆಲ್ಲ ಭಿನ್ನರಾಶಿ. ಬೆಳಿಗ್ಗೆ 6 ಗಂಟೆ ಎಂದರೆ 0.25, ಮಧ್ಯಾಹ್ನ 12 ಎಂದರೆ 0.5, ಸಂಜೆ 6 ಎಂದರೆ 0.75. ಒಂದು ಗಂಟೆ ದಿನದ 24ನೆಯ ಒಂದು ಭಾಗ. ಒಂದು ನಿಮಿಷ 1,440ನೆಯ ಒಂದು ಭಾಗ. ಪರದೆಯ ಮೇಲೆ ಕಾಣುವ 6:30 ಬರೀ ವೇಷ. ಒಳಗಿರುವುದು 0.2708. 22:00ರ ಒಳಗಿರುವುದು 0.9167. ಚಿಕ್ಕದರಿಂದ ದೊಡ್ಡದನ್ನು ಕಳೆದಾಗ ಬಂದದ್ದು ಋಣಸಂಖ್ಯೆ. ಅದನ್ನು ಗಡಿಯಾರದ ವೇಳೆಯಾಗಿ ತೋರಿಸಲಾರದೆ ಎಕ್ಸೆಲ್ ಬೇಲಿ ಹಾಕಿತು. ನಡುರಾತ್ರಿ ದಾಟಿ ದಿನ ಬದಲಾದದ್ದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ಹೇಳುವ ದಾರಿ ಎರಡು. ವೇಳೆಯ ಜೊತೆಗೆ ದಿನಾಂಕವನ್ನೂ ತುಂಬುವುದು ಒಂದು. =ಮಾಡ್(ಬಿ2-ಎ2,1) ಎಂದು ಬರೆಯುವುದು ಇನ್ನೊಂದು. ಎಂ, ಒ, ಡಿ ಎಂಬ ಮೂರಕ್ಷರದ ಈ ‘ಮಾಡ್’ ಭಾಗಾಕಾರದ ಶೇಷವನ್ನು ಕೊಡುತ್ತದೆ. 1ರಿಂದ ಭಾಗಿಸಿದಾಗ ಋಣಸಂಖ್ಯೆಗೆ ಒಂದು ದಿನ ಸೇರಿ 0.3542 ಉಳಿಯುತ್ತದೆ. ಅಂದರೆ 8:30. ಆದರೆ 24 ಗಂಟೆಗೂ ಮೀರಿದ ಅವಧಿಗೆ ‘ಮಾಡ್’ ಸಾಲದು. ಅಲ್ಲಿ ದಿನಾಂಕ ತುಂಬಲೇಬೇಕು.

ಹುಡುಗಿ ಆರು ರಾತ್ರಿಗಳನ್ನೂ ಹೀಗೆ ತುಂಬಿ ಒಟ್ಟು ಕೂಡಿದಳು. ಬಂದ ಉತ್ತರ 3:00!

‘ಏನಮ್ಮಾ ಇದು, ಆರು ರಾತ್ರಿ ನಿದ್ದೆಗೆಟ್ಟದ್ದಕ್ಕೆ ಮೂರೇ ಗಂಟೆಯೇ?’ ಎಂದು ತಂದೆ ನಕ್ಕರು.

ಕೂಡಿದ್ದು ತಪ್ಪಾಗಿರಲಿಲ್ಲ. ಎಂಟೂವರೆ ಗಂಟೆಯ ಆರು ಪಾಲು 51 ಗಂಟೆ, ಅಂದರೆ 2.125 ದಿನ. ಒಳಗೆ ಅದು ಸರಿಯಾಗಿಯೇ ಇತ್ತು. ಆದರೆ ಸಾಮಾನ್ಯ ವೇಳೆಯ ಫಾರ್ಮ್ಯಾಟ್ ಗೋಡೆ ಗಡಿಯಾರದ ಹಾಗೆ. ಪೂರ್ತಿಯಾದ ಎರಡು ದಿನ ಬಿಟ್ಟು ಉಳಿದ 0.125ನ್ನು, ಅಂದರೆ 3 ಗಂಟೆಯನ್ನು ಮಾತ್ರ ತೋರಿಸುತ್ತದೆ. ಗಂಟೆಯನ್ನು ಸೂಚಿಸುವ ಎಚ್ ಅಕ್ಷರವನ್ನು ಚೌಕ ಆವರಣದೊಳಗೆ ಇಟ್ಟು, ಕೋಲನ್ ಹಾಕಿ, ಮುಂದೆ ಎರಡು ಎಂ ಬರೆದು ಫಾರ್ಮ್ಯಾಟ್ ಬದಲಿಸಿದರೆ 51:00 ಎಂದೇ ಕಾಣುತ್ತದೆ.

ಇನ್ನು ಕೂಲಿ. 51:00 ಕಾಣುವ ಸೆಲ್ಲನ್ನು 60ರಿಂದ ಗುಣಿಸಿದಾಗ ಬಂದದ್ದು ರೂ. 127.50. ಗುಣಿಸಿದ್ದು ವೇಷವನ್ನಲ್ಲ, ಒಳಗಿನ 2.125ನ್ನು ಎಂಬುದು ಈಗ ಹುಡುಗಿಗೇ ಹೊಳೆಯಿತು. ದಿನವನ್ನು ಗಂಟೆಗೆ ತರಲು ಮೊದಲು 24ರಿಂದ ಗುಣಿಸಬೇಕು. 2.125 × 24 × 60 = ರೂ. 3,060. ಗುಮಾಸ್ತ ಕೊಟ್ಟದ್ದು 2,880. ಆತ ರಾತ್ರಿಗೆ ಎಂಟೇ ಗಂಟೆ ಹಿಡಿದಿದ್ದ. ಬೆಳಗಿನ ಅರ್ಧ ಗಂಟೆಗಳೆಲ್ಲ ಕೂಡಿ ಮೂರು ಗಂಟೆ, 180 ರೂಪಾಯಿ. ಸೋಮವಾರ ಆ ಹಾಳೆ ಗುಮಾಸ್ತನ ಮೇಜಿನ ಮೇಲಿತ್ತು.

ಯಂತ್ರ ಹೇಳಿದ್ದೆಲ್ಲ ಸರಿಯೆಂಬ ನಂಬಿಕೆ ಬೇಡ. ಎಕ್ಸೆಲ್‌ನ 60ನೆಯ ದಿನ ಯಾವುದೆಂದು ನೋಡಿದರೆ 1900ರ ಫೆಬ್ರುವರಿ 29 ಎನ್ನುತ್ತದೆ. ಅಂಥ ದಿನವೇ ಇರಲಿಲ್ಲ. ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ, 1900 ಭಾಗವಾಗದು. 1983ರಲ್ಲಿ ಬಂದ ಲೋಟಸ್ 1-2-3 ಈ ತಪ್ಪು ಮಾಡಿತ್ತು. ಅದರ ಹಾಳೆಗಳು ಹೊಂದಿಕೊಳ್ಳಲೆಂದು ಎಕ್ಸೆಲ್ ತಪ್ಪನ್ನೂ ಹಾಗೆಯೇ ಉಳಿಸಿಕೊಂಡಿತು. ನಂತರದ ದಿನಾಂಕಗಳ ನಡುವಣ ಅಂತರಕ್ಕೆ ಇದರಿಂದ ಬಾಧೆಯಿಲ್ಲ.

ಸೂತ್ರ ಬರೆಯುವ ಮೊದಲು ಮನಸ್ಸಿನಲ್ಲೇ ಒಂದು ಅಂದಾಜು ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಎಂಟಾರಲ ನಲವತ್ತೆಂಟು, ಮೇಲೆ ಸ್ವಲ್ಪ. ಇಷ್ಟು ಗೊತ್ತಿದ್ದವರು ಮೂರು ಗಂಟೆಯೆಂಬ ಉತ್ತರವನ್ನು ಒಪ್ಪಿ ಏಳುವುದಿಲ್ಲ. ಮಗಳಿಗಿಂತ ಮೊದಲೇ ತಂದೆ ನಕ್ಕದ್ದು ಅದಕ್ಕೇ.