ಅಪ್ಪನಿಗೂ ಚಿಂಪಾಂಜಿಗೂ ಪಂದ್ಯ

‘ಚಿಂಪಾಂಜಿಗೆ ಮನುಷ್ಯನ ಐದು ಪಟ್ಟು ಶಕ್ತಿಯಂತೆ ಕಣೋ. ನಿಮ್ಮಪ್ಪನ ಬದಲು ಒಂದು ಚಿಂಪಾಂಜಿ ಸಾಕಿದ್ರೆ ಊರಿನ ತೋಟವೆಲ್ಲ ಒಂದೇ ದಿನಕ್ಕೆ ಕೆಡವಿ ಹಾಕ್ತಿತ್ತು!’

ಡಿಗ್ರಿ ಓದುವಾಗ ಗೆಳೆಯನೊಬ್ಬ ಮೊಬೈಲಿನಲ್ಲಿ ರೀಲ್ಸ್ ತೋರಿಸುತ್ತಾ ಹೀಗೆಂದಾಗ ಎಲ್ಲರ ಜೊತೆ ನಾನೂ ನಕ್ಕೆ. ಅಪ್ಪ ದಂಡಿನಶಿವರದ ಸುತ್ತಮುತ್ತಲ ತೋಟಗಳಲ್ಲಿ ತೆಂಗಿನಕಾಯಿ ಕೆಡವುತ್ತಾರೆ, ಉಳಿದ ದಿನ ಕಾಯಿ ಸುಲಿಯುತ್ತಾರೆ. ನಕ್ಕಿದ್ದಕ್ಕೆ ರಾತ್ರಿ ಅವರ ಎದುರು ಊಟಕ್ಕೆ ಕೂತಾಗ ನಾಚಿಕೆಯಾಯಿತು.

ಆ ಐದು ಪಟ್ಟಿನ ಲೆಕ್ಕ ಎಲ್ಲಿಂದ ಬಂತೆಂದು ಹುಡುಕಿದೆ. 1920ರ ದಶಕದಲ್ಲಿ ಜಾನ್ ಬೌಮನ್ ಎಂಬುವರು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಬಲ ಅಳೆಯುವ ಸಾಧನವನ್ನು ಚಿಂಪಾಂಜಿಗಳಿಂದ ಎಳೆಸಿದ್ದರು. ಸುಜೆಟ್ ಎಂಬ ಹೆಣ್ಣು ಚಿಂಪಾಂಜಿ 1,260 ಪೌಂಡ್, ಅಂದರೆ ಸುಮಾರು 570 ಕೆ.ಜಿ. ಬಲದಿಂದ ಎಳೆಯಿತಂತೆ. 1943ರಲ್ಲಿ ಗ್ಲೆನ್ ಫಿಂಚ್ ಬೇರೆ ಚಿಂಪಾಂಜಿಗಳನ್ನು ಪರೀಕ್ಷಿಸಿದಾಗ ಅಂಥ ಪವಾಡವೇನೂ ಕಾಣಲಿಲ್ಲ. ಆದರೆ ಜನರ ಬಾಯಲ್ಲಿ ಉಳಿದದ್ದು ಸುಜೆಟ್ ಕಥೆಯೇ. 2017ರಲ್ಲಿ ಮ್ಯಾಥ್ಯೂ ಓನೀಲ್ ಅವರ ತಂಡ ಸ್ನಾಯುವಿನ ಎಳೆಗಳನ್ನೇ ಪರೀಕ್ಷಿಸಿತು. ಒಂದೇ ಗಾತ್ರದ ಸ್ನಾಯುವಾದರೆ ಚಿಂಪಾಂಜಿಯದಕ್ಕೆ ನಮ್ಮದರ ಸುಮಾರು 1.35 ಪಟ್ಟು ಬಲ. ಐದೆಲ್ಲಿ, ಒಂದೂವರೆಯೂ ಇಲ್ಲ!

ನನಗೆ ಹಿಡಿಸಿದ್ದು ಇದರ ಕಾರಣ. ಸ್ನಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆಯ ಎಳೆಗಳು. ವೇಗದವು ಒಮ್ಮೆಲೇ ಜಗ್ಗಿ ಬೇಗ ದಣಿಯುತ್ತವೆ. ನಿಧಾನದವು ಕಡಿಮೆ ಇಂಧನದಲ್ಲಿ ಹೊತ್ತುಗಟ್ಟಲೆ ದುಡಿಯುತ್ತವೆ. ಚಿಂಪಾಂಜಿಯಲ್ಲಿ ಮೂರರಲ್ಲಿ ಎರಡು ಪಾಲು ವೇಗದವು, ನಮ್ಮಲ್ಲಿ ಶೇ 70ರಷ್ಟು ನಿಧಾನದವು. ಅದು ಕೊಂಬೆಯಿಂದ ಕೊಂಬೆಗೆ ಹಾರಿಕೊಂಡಿತು, ನಾವು ನೆಲಕ್ಕಿಳಿದು ದೂರದೂರ ನಡೆದೆವು.

ಇದನ್ನು ಓದಿದ ಮೇಲೆ ಅಪ್ಪನ ಕೆಲಸವನ್ನು ನಿಂತು ನೋಡಿದೆ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಚುಚ್ಚಿ ತಿರುಚಬೇಕು, ಮಟ್ಟೆ ಬಿಡುತ್ತದೆ. ಇಪ್ಪತ್ತು ಕಾಯಿಗೆ ನಾನು ಸೊಂಟ ಹಿಡಿದು ಕೂತೆ. ಅಪ್ಪ ಬೆಳಿಗ್ಗೆ ನಿಂತವರು ಸಂಜೆವರೆಗೂ ಅದೇ ಲಯದಲ್ಲಿದ್ದರು. ತೋಳು ಮಡಚಿ ತೋರಿಸಲು ಅವರ ಹತ್ತಿರ ಏನೂ ಇಲ್ಲ, ಸಣಕಲು ಆಸಾಮಿ.

ನಾನೀಗ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಆರೂವರೆ ನಿಮಿಷದಲ್ಲಿ 1,600 ಮೀಟರ್ ಓಡಬೇಕು. ಜಿಮ್ಮಿನಲ್ಲಿ ತೋಳು ಬೆಳೆಸಿ ಬಂದವರು ಮೂರನೇ ಸುತ್ತಿಗೆ ಮಂಡಿ ಹಿಡಿದು ನಿಲ್ಲುವುದನ್ನು ಮೈದಾನದಲ್ಲಿ ದಿನವೂ ನೋಡುತ್ತೇನೆ. ರೀಲ್ಸಿನಲ್ಲಿ ಲೈಕು ಸಿಗುವುದು ಮಾತ್ರ ಅವರಿಗೇ.

‘ಕಾಯಿ ಕೆಡವೋರೇ ಸಿಕ್ತಿಲ್ಲ’ ಎಂದು ನಮ್ಮ ಕಡೆಯ ತೋಟದವರು ಗೊಣಗುತ್ತಾರೆ. ಸಿಕ್ಕವರನ್ನು ‘ಮಂಗನ ಥರ ಹತ್ತುತ್ತಾನೆ’ ಎಂದು ಹೊಗಳುತ್ತಾರೆ. ಇದು ಹೊಗಳಿಕೆಯೇ? ಬೀಳುವ ಭಯವನ್ನೂ ಲೆಕ್ಕ ಹಾಕಿ ಕೂಲಿ ಕೊಟ್ಟರೆ, ಹೆಸರು ಹಿಡಿದು ಕರೆದರೆ ಹುಡುಗರು ಈ ಕೆಲಸ ಕಲಿಯಲು ಇಷ್ಟು ಹಿಂಜರಿಯುವುದಿಲ್ಲ ಎಂಬುದು ನನ್ನ ಅನಿಸಿಕೆ.

ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಿದೆ. ಅಪ್ಪನ ಅರ್ಜಿ ತುಂಬಲು ಮೊನ್ನೆ ನಾನೇ ಕೂತೆ. ಕಾಲೇಜಿನ ಅರ್ಜಿಗಳಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು ಬರೆಯುತ್ತಿದ್ದದ್ದು ‘ಕೃಷಿ’. ಈ ಸಲ ‘ತೆಂಗಿನ ಮರ ಹತ್ತುವುದು’ ಎಂದು ಬರೆದೆ.